ಬಿಸಿಲಿಗಿಟ್ಟ ಕೋಲು

ಬಸ್ಸಿನಲ್ಲಿ ಹೇಳಿಬಿಡಬೇಕು ಎಂದುಕೊಂಡು ಹೊರಟಿದ್ದಳು. ಮನೆಯಲ್ಲಿ ಹೇಳುವುದಕ್ಕೆ ಇಡೀ ಒಂದು ವರ್ಷ ಸಿಕ್ಕಿತ್ತು, ಆಗಿರಲಿಲ್ಲ. ಬಸ್ಸಿನಲ್ಲಾದರೆ ಮುಖ ನೋಡಬೇಕಾಗಿಲ್ಲ, ಇಬ್ಬರೂ ಮುಂದಕ್ಕೆ ನೋಡುತ್ತ ಕೂತಿರುತ್ತೇವೆ, ಹೇಳಿ ಮುಗಿಸುವಷ್ಟರಲ್ಲಿ ಇಳಿಯುವ ಜಾಗ ಬಂದಿರುತ್ತದೆ ಎಂದು ಯೋಚಿಸಿ ಇಟ್ಟುಕೊಂಡಿದ್ದಳು. ಆದರೆ ಬಸ್ಸು ಹತ್ತಿದ ಕೂಡಲೇ ಯಾರೋ ಒಬ್ಬರು ಗಂಡನ ಬಲಗೈ ನೋಡಿ ಗಡಬಡಿಸಿ ಎದ್ದರು. "ಪರವಾಗಿಲ್ಲ, ಕೂತ್ಕೊಳ್ಳಿ" ಎಂದು ಅವನು ಎರಡು ಸಲ ಹೇಳಿದ, ಅವರು ಕೇಳಲಿಲ್ಲ. ಕಾಲು ಗಟ್ಟಿಯಾಗಿರುವ ಮನುಷ್ಯನಿಗೆ ಕೈ ನೋಡಿ ಸೀಟು ಬಿಟ್ಟುಕೊಡುವ ಜನ. ಅವನು ಕೂತ, ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಕಿಟಕಿಯ ಕಡೆ ತಿರುಗಿದ. ಅವಳು ಪಕ್ಕದಲ್ಲಿ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡಳು. ಚೀಲದೊಳಗೆ, ಹಳೆಯ ದಿಂಬಿನ ಹೊದಿಕೆಯಲ್ಲಿ ಸುತ್ತಿದ ಕೋಲು ಇತ್ತು. ಪ್ರತಿ ತಿರುವಿನಲ್ಲೂ ಅದು ಪಕ್ಕೆಲುಬಿಗೆ ತಾಗುತ್ತಿತ್ತು. ನಿಂತುಕೊಂಡು, ಅಷ್ಟು ಜನರ ತಲೆಯ ಮೇಲಿಂದ ಹೇಳುವ ಮಾತೇ ಅದು? ಮೂರನೆಯ ನಿಲ್ದಾಣ ದಾಟುವಷ್ಟರಲ್ಲಿ, ಅಂಗಡಿಯಿಂದ ವಾಪಸು ಬರುವಾಗ ಹೇಳಿದರಾಯಿತು ಎಂದು ತನಗೆ ತಾನೇ ವಾಯಿದೆ ಕೊಟ್ಟುಕೊಂಡಳು. ಹೀಗೆ ವಾಯಿದೆ ಕೊಟ್ಟುಕೊಳ್ಳುವುದರಲ್ಲಿ ಅವಳು ಈಗ ಪಳಗಿದ್ದಳು.

ಮನೆಯ ಹಿಂದಿನ ಶೆಡ್ಡು ಮುಚ್ಚಿ ವರ್ಷವಾಗಿತ್ತು. ಅದಕ್ಕೂ ಮುಂಚೆ ಹದಿನೆಂಟು ವರ್ಷ ಊರಂಚಿನ ಕುರಿ ಸಾಕುವವರೂ, ನಾಲ್ಕು ಮನೆ ಸೇರಿ ಒಂದು ಪ್ರಾಣಿ ಹಂಚಿಕೊಳ್ಳುವವರೂ ಕೊಯ್ದದ್ದನ್ನು ಇಡಿಯಾಗಿ ಇಲ್ಲಿಗೆ ತಂದು ಕೊಕ್ಕೆಗೆ ನೇತುಹಾಕಿ ಹೋಗುತ್ತಿದ್ದರು. ಅವಳ ಗಂಡ ಅದನ್ನು ಬಿಡಿಸಿ, ಮೂಳೆ ತೆಗೆದು, ಕೀಮಾ ಮಾಡಬೇಕಾದ್ದನ್ನು ಮಾಡಿ, ಕಾಗದದಲ್ಲಿ ಪೊಟ್ಟಣ ಕಟ್ಟಿ, ಯಾವುದು ತೊಡೆ, ಯಾವುದು ಭುಜ, ಯಾವುದನ್ನು ನಿಧಾನಕ್ಕೆ ಬೇಯಿಸಬೇಕು ಎಂದು ಮೇಲೆ ಬರೆದು ಕೊಡುತ್ತಿದ್ದ. ಬರೆದದ್ದು ಸಾಲದೆಂದು ಬಾಯಿಯಲ್ಲೂ ಪಾಠ ಮಾಡುತ್ತಿದ್ದುದರಿಂದ ಬೀದಿಯವರು ಅವನಿಗೆ 'ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಕಟುಕ ಎನ್ನುವುದು ಬೈಗುಳವಾಗಿರುವ ಭಾಷೆಯಲ್ಲಿ ಆ ಕೆಲಸದವನಿಗೆ ಮೇಷ್ಟ್ರು ಎಂಬ ಹೆಸರು ಸಿಗುವುದು ಸಣ್ಣ ಮಾತಲ್ಲ. ಹೋದ ವಾರ ಊಟಕ್ಕೆ ಕೂತಾಗ, ಎಡಗೈಯಲ್ಲಿ ಚಮಚ ಹಿಡಿದುಕೊಂಡು, ತಟ್ಟೆಯಿಂದ ಕಣ್ಣೆತ್ತದೆ ಅವನು ಹೇಳಿದ್ದ. "ಮತ್ತೆ ಶುರು ಮಾಡೋಣ. ಕೈ ನಿಂದು, ಕಣ್ಣು ನಂದು. ಹೇಳಿಕೊಡ್ತೀನಿ." ಅವಳು ಹೂಂ ಎಂದಿದ್ದಳು. ಆ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ಮತ್ತೆ ಒಂದು ಮಷೀನು ಮನೆಗೆ ಬರುವ ಮುಂಚೆ, ಅದರ ಎದುರಿಗೆ ತಾವಿಬ್ಬರೂ ಅಕ್ಕಪಕ್ಕ ನಿಲ್ಲುವ ಮುಂಚೆ, ಆ ದಿನ ಕೋಲು ಎಲ್ಲಿತ್ತು ಎಂಬುದನ್ನು ಅವನಿಗೆ ಹೇಳಲೇಬೇಕಿತ್ತು. ಹೇಳಿದ ಮೇಲೆ ಅವನು ತನ್ನ ಪಕ್ಕ ನಿಲ್ಲುತ್ತಾನೋ ಇಲ್ಲವೋ, ಅದು ಬೇರೆ.

ಅಂಗಡಿಯಲ್ಲಿ ಎಣ್ಣೆ ಮತ್ತು ರಟ್ಟಿನ ವಾಸನೆ. ಗೋಡೆಯ ತುಂಬ ಚಾಕುಗಳನ್ನು ಆಯಸ್ಕಾಂತದ ಪಟ್ಟಿಗೆ ಅಂಟಿಸಿದ್ದರು, ಚಿಕ್ಕದರಿಂದ ದೊಡ್ಡದಕ್ಕೆ, ಶಾಲೆಯ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದ ಹಾಗೆ. ಅಂಗಡಿಯವನು ಬೋಳುತಲೆಯ ಮನುಷ್ಯ, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದ, ಮಾತು ನಿಲ್ಲಿಸಿದರೆ ಗಿರಾಕಿ ಹೋಗಿಬಿಡುತ್ತಾನೆ ಎಂಬ ಭಯದವನು. "ಬನ್ನಿ ಯಜಮಾನ್ರೇ, ಮನೆ ಮಟ್ಟಕ್ಕಾ, ವ್ಯಾಪಾರಕ್ಕಾ?" ಎಂದು ಕೇಳುತ್ತ ಮೂಳೆ ಬಿಡಿಸುವ ಚಾಕುವೊಂದನ್ನು ಹಿಡಿ ಮುಂದೆ ಮಾಡಿ ಗಂಡನ ಬಲಗೈಯ ಕಡೆ ಚಾಚಿದ. ಬಲಗೈ ಜೇಬಿನಲ್ಲೇ ಇತ್ತು. ಚಾಕು ಗಾಳಿಯಲ್ಲೇ ಒಂದು ಗಳಿಗೆ ನಿಂತಿತು. ಗಂಡ ಎಡಗೈ ಮುಂದೆ ಮಾಡಿ ತೆಗೆದುಕೊಂಡ, ಆದರೆ ಆ ಗಳಿಗೆಯಲ್ಲಿ ಅಂಗಡಿಯವನ ಕಣ್ಣು ಜೇಬಿಗೆ ಹೋಗಿ, ಅಲ್ಲಿಂದ ಓಡಿಬಂದು, ಮೇಲಿನ ದೀಪ ನೋಡಿದ್ದನ್ನು ಅವಳು ನೋಡಿದಳು. ಒಂದು ವರ್ಷದಿಂದ ಅವಳು ಬೇರೆಯವರ ಕಣ್ಣುಗಳನ್ನೇ ನೋಡುತ್ತ ಬಂದಿದ್ದಳು. ಪೋಸ್ಟಿನವನದು, ಬ್ಯಾಂಕಿನ ಹುಡುಗಿಯದು. ಅದಕ್ಕೂ ಮುಂಚೆ, ಒಂದು ಸಲ, ತನ್ನ ಅಕ್ಕನದು.

"ನನಗಲ್ಲ, ಇವಳಿಗೆ" ಎಂದ ಗಂಡ. ಚಾಕುವನ್ನು ಅವಳ ಕೈಗೆ ಕೊಟ್ಟು, "ಹಿಡಿ ನೋಡೋಣ" ಎಂದ. ಅವಳು ತರಕಾರಿ ಹೆಚ್ಚುವ ಹಾಗೆ ಹಿಡಿದಳು. "ಹಾಗಲ್ಲ. ಪೆನ್ನು ಹಿಡಿದ ಹಾಗೆ. ಬಲ ಹಾಕೋದಲ್ಲ ಇದು, ಮೂಳೆ ಎಲ್ಲಿದೆ ಅಂತ ಚಾಕುನೇ ಕೇಳ್ಬೇಕು, ಅದೇ ಹೇಳುತ್ತೆ." ಎಡಗೈಯ ಬೆರಳುಗಳಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿಯ ಮೇಲೆ ಸರಿಪಡಿಸಿದ. ಹಿಡಿ ದಪ್ಪವಾಯಿತು ಎಂದು ಅದನ್ನು ವಾಪಸು ಕೊಟ್ಟು ಇನ್ನೊಂದು ಕೇಳಿದ. ಅದರ ಅಲಗು ಬಾಗುವುದಿಲ್ಲ ಎಂದು ಮತ್ತೊಂದು. ನಾಲ್ಕನೆಯದನ್ನು ಹೆಬ್ಬೆರಳಿನಿಂದ ಬಗ್ಗಿಸಿ ಬಿಟ್ಟು, ಅದು ನೇರವಾಗುವುದನ್ನು ನೋಡಿ, ಅವಳ ಅಂಗೈಯಲ್ಲಿಟ್ಟು, ಅವಳ ಮುಖ ನೋಡಿದ. "ಇದು ಒಪ್ಪುತ್ತೆ" ಎಂದ. ವರ್ಷದಲ್ಲಿ ಮೊದಲ ಸಲ ಅವನ ದನಿಯಲ್ಲಿ ಹಳೆಯ ಮೇಷ್ಟ್ರು ಇಣುಕಿದ್ದ. ಅವಳಿಗೆ ಸಂತೋಷವಾಗಬೇಕಿತ್ತು. ಚೀಲದ ಪಟ್ಟಿ ಹೆಗಲು ಕೊರೆಯುತ್ತಿತ್ತು. ಇಷ್ಟು ಒಳ್ಳೆಯವನಾಗಬೇಡ ಎಂದು ಅವನಿಗೆ ಹೇಳಬೇಕೆನಿಸಿತು.

ಅಕ್ಕ ಬಂದದ್ದು ಹೋದ ವರ್ಷದ ಒಂದು ಶುಕ್ರವಾರ. ದೊಡ್ಡ ಮನೆಗೆ ಸೊಸೆಯಾಗಿ ಹೋದ ಅಕ್ಕ, ಎರಡು ವರ್ಷಕ್ಕೊಮ್ಮೆ ಬರುವ ಅಕ್ಕ. ಚಹದ ಲೋಟವನ್ನು ತುಟಿಗೆ ತರುವ ಮುನ್ನ ಒಂದು ಸಲ ಮೂಸಿ ನೋಡಿದ್ದಳು. ಬೇಕೆಂದೇ ಮಾಡಿದ್ದಲ್ಲ, ಅದೇ ಕಷ್ಟ. ಬೇಕೆಂದು ಮಾಡಿದ್ದರೆ ಜಗಳವಾಡಬಹುದಿತ್ತು. ಆಗ ಶೆಡ್ಡಿನಿಂದ ಬಂದ ಗಂಡ, ಕೈ ತೊಳೆದುಕೊಂಡೇ ಬಂದವನು, ಅಕ್ಕನನ್ನು ಮಾತಾಡಿಸುತ್ತ ಹಿಂದಿನಿಂದ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ. ಎಷ್ಟೋ ಸಲ ಇಟ್ಟಿದ್ದ ಕೈ. ಅವಳು ಹೆಗಲು ಜಾರಿಸಿ, ನಗುತ್ತ, ಅಕ್ಕನ ಕಡೆ ನೋಡುತ್ತ, "ಮುಟ್ಟಬೇಡಿ ರೀ, ಕೈ ವಾಸನೆ" ಎಂದಳು. ನಗುತ್ತ ಹೇಳಿದ್ದು ಎಂದು ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದಳೋ. ಅಕ್ಕನೂ ನಕ್ಕಳು. ಗಂಡ ಕೂಡ ಸ್ವಲ್ಪ ನಕ್ಕು, ಬಚ್ಚಲಿಗೆ ಹೋಗಿ ಮತ್ತೆ ಕೈ ತೊಳೆದ. ನಲ್ಲಿ ತುಂಬ ಹೊತ್ತು ಸುರಿಯಿತು. ಅಕ್ಕ ಹೋದ ಮೇಲೆ ಅವನು ಮಾತು ಬಿಟ್ಟ. ಅವಳಿಗೂ ಬಿಗುಮಾನ, ಇಷ್ಟು ಸಣ್ಣ ಮಾತಿಗೆ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ ಎಂದು ತಾನೂ ಬಿಟ್ಟಳು. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ಎತ್ತಿ ತೊಳೆದಿಡುತ್ತಿದ್ದ. ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ಕೈ ಉಜ್ಜುತ್ತಿದ್ದ, ಉಗುರಿನ ಸಂದಿಗೂ ಬ್ರಷ್ಷು. ಅವಳಿಗೆ ಅದನ್ನು ನೋಡಿ ಕೋಪ ಬರುತ್ತಿತ್ತು. ಕೋಪಕ್ಕೆ ಅವಳೂ ತೊಳೆಯತೊಡಗಿದಳು. ಪರದೆ ತೊಳೆದಳು, ಶೆಡ್ಡಿನ ನೆಲ ತೊಳೆದಳು, ಕೊಕ್ಕೆ ತೊಳೆದಳು, ಸೋಮವಾರ ಬೆಳಿಗ್ಗೆ ಕೀಮಾ ಮಷೀನಿನ ಬಾಯಿಗೆ ಮಾಂಸ ಒತ್ತುವ ಕೋಲನ್ನು ಬಿಸಿನೀರಲ್ಲಿ ಉಜ್ಜಿ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಬಿಸಿಲಿಗಿಟ್ಟಳು. ಮಷೀನಿನ ಜೊತೆ ಬಂದಿದ್ದ ಪ್ಲಾಸ್ಟಿಕ್ಕಿನದು ಎಂದೋ ಮುರಿದಿತ್ತು. ಇದು ಅವನೇ ಗಟ್ಟಿಮರದಲ್ಲಿ ಕೆತ್ತಿದ್ದು, ಒಳಗಿನ ತಿರುಪಿಗೆ ತಾಗದಂತೆ ಮೇಲ್ಗಡೆ ಒಂದು ಉಂಗುರ ಬಿಟ್ಟು. ಒಣಗಿದ ಮೇಲೆ ವಾಪಸು ಇಡಬೇಕಿತ್ತು. ಮರೆತಳು.

"ಗರಗಸ?" ಎಂದು ಅಂಗಡಿಯವನು ಕೇಳುತ್ತಿದ್ದ. ಗಂಡ ಗರಗಸದ ಹಲ್ಲುಗಳ ಮೇಲೆ ಉಗುರು ಎಳೆದು, ಇದು ಸೌದೆಯವರಿಗೆ, ಮೂಳೆಗಲ್ಲ, ಇದರಿಂದ ಕೊಯ್ದರೆ ಮೂಳೆಯ ಪುಡಿ ಮಾಂಸಕ್ಕೆಲ್ಲ ಮೆತ್ತಿಕೊಳ್ಳುತ್ತದೆ ಎಂದ. ಅಂಗಡಿಯವನು ಕನ್ನಡಕ ಏರಿಸಿಕೊಂಡು ಅವನನ್ನು ಹೊಸದಾಗಿ ನೋಡಿದ. "ಯಜಮಾನ್ರು ಇದೇ ಕಸುಬಿನವರು ಅನ್ನಿ. ನಾನು ಸುಮ್ನೆ ಬಡಬಡಿಸ್ತಾ ಇದ್ದೀನಿ." ಧೈರ್ಯ ಬಂದು, ದನಿ ತಗ್ಗಿಸಿ, "ಕೈಗೆ ಏನಾಯ್ತು ಯಜಮಾನ್ರೇ?" ಎಂದ. ಅವಳು ಚೀಲವನ್ನು ಮತ್ತೆ ಹೊಟ್ಟೆಗೆ ಒತ್ತಿಕೊಂಡಳು. ಗಂಡ ಕೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಹೆಬ್ಬೆರಳು, ಕಿರುಬೆರಳು, ನಡುವೆ ಮೂರರ ಜಾಗದಲ್ಲಿ ಗುಲಾಬಿ ಬಣ್ಣದ ನುಣುಪು ಚರ್ಮ. "ಕೀಮಾ ಮಷೀನು. ನನ್ನ ಅಜಾಗ್ರತೆ. ಕೋಲು ಪಕ್ಕದಲ್ಲೇ ಇತ್ತು, ಅಭ್ಯಾಸ ನೋಡಿ, ಬೆರಳಲ್ಲೇ ಒತ್ತಿದೆ" ಎಂದ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೇಳಿದ್ದೂ ಇದನ್ನೇ, ಇದೇ ಮಾತುಗಳಲ್ಲಿ. ಆ ಸೋಮವಾರ ಕೋಲು ಪಕ್ಕದಲ್ಲಿರಲಿಲ್ಲ. ಮಷೀನಿನ ಸದ್ದು ಸಣ್ಣಗೆ ಬದಲಾದದ್ದು, ಆಮೇಲೆ ನಿಂತದ್ದು, ಆಮೇಲೆ ಶೆಡ್ಡಿನಿಂದ ಅವನ ದನಿ, ಕೂಗಲ್ಲ, ಏನೂ ಅಲ್ಲ, "ಸ್ವಲ್ಪ ಬಾ ಇಲ್ಲಿ." ಮೂರು ದಿನದ ಮೇಲೆ ಅವನು ಆಡಿದ ಮೊದಲ ಮಾತು. ರಾಜಿಗೆ ಕರೆಯುತ್ತಿದ್ದಾನೆ ಎಂದುಕೊಂಡು ಅವಳು ಬೇಕೆಂದೇ ನಿಧಾನಕ್ಕೆ ಹೋಗಿದ್ದಳು. ಕೈ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು. ಅದನ್ನು ಯಾರಿಗೆ ಹೇಳುವುದು. ಸಂಜೆ ಅವನ ಬಟ್ಟೆ ಒಯ್ಯಲು ಮನೆಗೆ ಬಂದಾಗ ಕಿಟಕಿಯ ಮೇಲೆ ಕೋಲು ಚೆನ್ನಾಗಿ ಒಣಗಿ, ಬೆಳ್ಳಗೆ, ಯಾವ ವಾಸನೆಯೂ ಇಲ್ಲದೆ ಕೂತಿತ್ತು. ನೆರೆಯವರು ಬಾಗಿಲಲ್ಲಿ ನಿಂತು "ಕೋಲು ಇರಲಿಲ್ವಾ?" ಎಂದರು. "ಇತ್ತು" ಎಂದಳು. ಅವರು ಹೋದ ಮೇಲೆ ಅದನ್ನು ದಿಂಬಿನ ಹೊದಿಕೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದಳು.

ಅಂದಿನಿಂದ ಅವಳನ್ನು ತಿನ್ನುತ್ತಿದ್ದ ಪ್ರಶ್ನೆ ಒಂದೇ. ಅವನಿಗೆ ನಿಜವಾಗಿಯೂ ನೆನಪಿಲ್ಲವೋ, ಅಥವಾ ಎಲ್ಲ ಗೊತ್ತಿದ್ದು ಅವಳ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಊರಿಗೆಲ್ಲ ತನ್ನ ಅಜಾಗ್ರತೆ ಎಂದು ಹೇಳಿಕೊಂಡು ತಿರುಗುತ್ತಿದ್ದಾನೋ? ಮೊದಲನೆಯದಾದರೆ ಅವಳು ಕಳ್ಳಿ. ಎರಡನೆಯದಾದರೆ ದಿನವೂ ಅವನ ಎದುರಿಗೆ ಬೆತ್ತಲಾಗಿ ಓಡಾಡುತ್ತಿರುವವಳು. ಅವನ ಅಂಗಿಗೆ ಗುಂಡಿ ಹಾಕುವಾಗ, ಉಗುರು ತೆಗೆಯುವಾಗ, ಅವಳು ಅವನ ಮುಖದಲ್ಲಿ ಉತ್ತರ ಹುಡುಕುತ್ತಿದ್ದಳು. ಅಲ್ಲಿ ಉಪಕಾರ ಮಾಡಿಸಿಕೊಳ್ಳುವವನ ನಾಚಿಕೆ ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಮಷೀನುಗಳು ಒಳಗಿನ ಕೋಣೆಯಲ್ಲಿದ್ದವು. ಕೈಯಲ್ಲಿ ತಿರುಗಿಸುವವು ಒಂದು ಸಾಲು, ಮೋಟಾರಿನವು ಒಂದು ಸಾಲು. ಗಂಡ ಕೀಮಾ ಹೊರಬರುವ ತೂತುಬಿಲ್ಲೆಗಳನ್ನು ಬೆಳಕಿಗೆ ಹಿಡಿದು ನೋಡಿದ, ಬ್ಲೇಡಿನ ನಾಲ್ಕು ರೆಕ್ಕೆಗಳೂ ಬಿಲ್ಲೆಗೆ ಸಮನಾಗಿ ಕೂರುತ್ತವೆಯೇ ಎಂದು ಬೆರಳಿನಿಂದ ತಡವಿದ. ಅವನ ಕಣ್ಣು ಮೋಟಾರಿನ ಸಾಲಿನ ಮೂರನೆಯದರ ಮೇಲೆ ನಿಂತಿತು. ಹಳೆಯದರ ಹಾಗೆಯೇ ಇತ್ತು ಅದು, ಅದೇ ಬಾಯಿ, ಅದೇ ತಟ್ಟೆ. ಹಳೆಯದನ್ನು ಅವಳೇ ಗುಜರಿಯವನಿಗೆ ಕೊಟ್ಟಿದ್ದಳು, ಗಂಡ ಆಸ್ಪತ್ರೆಯಿಂದ ಬರುವ ಮುಂಚೆ. "ತೋರಿಸ್ತೀನಿ ಇರಿ" ಎಂದು ಅಂಗಡಿಯವನು ಗುಂಡಿ ಒತ್ತಿ, ತೋರಿಸುವುದಕ್ಕೆಂದೇ ಇಟ್ಟಿದ್ದ ನೆನೆಸಿದ ಬ್ರೆಡ್ಡನ್ನು ತಟ್ಟೆಯಿಂದ ಬಾಯಿಗೆ ತಳ್ಳಿದ. ಮಷೀನು ಗುಂಯ್‌ಗುಟ್ಟಿತು. ಬ್ರೆಡ್ಡು ಕೊರಳಲ್ಲಿ ಸಿಕ್ಕಿಕೊಂಡಿತು. ಅತ್ತಿತ್ತ ತಡಕಾಡಿ, "ಇದರ ಕೋಲು ಎಲ್ಲೋ ಹಾಳಾಗಿ ಹೋಗಿದೆ, ನಿಮಗೆ ಡಬ್ಬಿಯಲ್ಲಿ ಹೊಸದು ಇರುತ್ತೆ ಬಿಡಿ, ಈಗ ಹೀಗೆ..." ಎನ್ನುತ್ತ ಮೂರು ಬೆರಳು ಒಟ್ಟು ಮಾಡಿ ಒಳಗಿಟ್ಟ.

ಗಂಡನ ಎಡಗೈ ಗುಂಡಿಗೆ ಹೋಯಿತು, ಅವಳ ಕೈ ಚೀಲಕ್ಕೆ. ಮಷೀನು ನಿಂತ ನಿಶ್ಶಬ್ದದಲ್ಲಿ ದಿಂಬಿನ ಹೊದಿಕೆ ನೆಲಕ್ಕೆ ಬಿತ್ತು, ಕೋಲು ಅವಳ ಕೈಯಲ್ಲಿತ್ತು, ಅಂಗಡಿಯವನ ಮೂಗಿನ ಕೆಳಗೆ. "ಇದರಲ್ಲಿ ಒತ್ತಿ" ಎಂದಳು. ದನಿ ಅವಳದೇ ಅನ್ನಿಸಲಿಲ್ಲ. ಅಂಗಡಿಯವನು ಕೋಲನ್ನೂ ಅವಳನ್ನೂ ನೋಡಿ ಹೊಟ್ಟೆ ಕುಣಿಸಿ ನಕ್ಕ. "ಛತ್ರಿ ತರೋ ಹೆಂಗಸರನ್ನ ನೋಡಿದ್ದೀನಿ. ಮನೆಯಿಂದ ಕೋಲು ತಂದೋರನ್ನ ಇವತ್ತೇ ನೋಡಿದ್ದು ತಾಯಿ." ಮತ್ತೆ ಗುಂಡಿ ಒತ್ತಿ, ಕೋಲಿನಿಂದ ತಳ್ಳಿದ. ಅಳತೆ ಸರಿಯಾಗಿತ್ತು. ಉಂಗುರ ಬಾಯಿಯ ಅಂಚಿಗೆ ತಾಗಿ ನಿಂತಿತು, ಬ್ರೆಡ್ಡು ಬಿಳಿ ಹುಳುಗಳಾಗಿ ಆಚೆ ಬಂತು. ಅವಳು ಗಂಡನ ಕಡೆ ನೋಡಲಿಲ್ಲ. ಅವನ ಬೂಟುಗಳನ್ನು ನೋಡುತ್ತಿದ್ದಳು. ಎಡಬೂಟಿನ ಲಾಡಿ ಅವಳು ಬೆಳಿಗ್ಗೆ ಕಟ್ಟಿದ್ದು, ಸಡಿಲವಾಗಿತ್ತು. "ಎಲ್ಲಿ ಕೊಂಡ್ಕೊಂಡ್ರಿ? ಚೆನ್ನಾಗಿದೆ ಇದು" ಎಂದ ಅಂಗಡಿಯವನು. "ನಾನೇ ಕೆತ್ತಿದ್ದು" ಎಂದ ಗಂಡ. ಕೋಲನ್ನು ಎಡಗೈಯಲ್ಲಿ ತೆಗೆದುಕೊಂಡು, ಅಂಟಿದ ಬ್ರೆಡ್ಡನ್ನು ಕೋಟಿಗೆ ಒರೆಸಿ, ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಏನೂ ಆಗದವನಂತೆ ಎರಡು ಬಿಲ್ಲೆ ಹೆಚ್ಚಿಗೆ ಬೇಕು ಎಂದ, ಮಸೆಯುವ ಸಲಾಕೆ ಕೇಳಿದ, ಮೇಜಿನ ಎತ್ತರ ಹೆಂಡತಿಯ ಸೊಂಟಕ್ಕೆ ಬರಬೇಕು ಎಂದು ಕೈಯಿಂದ ಅಳೆದು ತೋರಿಸಿದ. ಕೊನೆಯಲ್ಲಿ, "ಮಷೀನು ನಾಳೆ ಕಳಿಸಿ. ಡಬ್ಬಿಯಲ್ಲಿರೋ ಕೋಲು ನೀವೇ ಇಟ್ಕೊಳ್ಳಿ. ನಮ್ಮ ಹತ್ರ ಇದೆ" ಎಂದ.

ಬಸ್ಸು ನಿಲ್ಲುವಲ್ಲಿ ಕಬ್ಬಿಣದ ಬೆಂಚು. ಮಧ್ಯಾಹ್ನದ ಬಿಸಿಲಿಗೆ ಕಾದಿತ್ತು. ಇಬ್ಬರೂ ಎದುರಿನ ಗೋಡೆ ನೋಡುತ್ತ ಕೂತರು. ಹೇಳಬೇಕೆಂದು ವರ್ಷವಿಡೀ ಜೋಡಿಸಿಟ್ಟ ವಾಕ್ಯಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. "ಆವತ್ತು ನಾನು ತೊಳೆದು ಬಿಸಿಲಿಗಿಟ್ಟಿದ್ದೆ. ವಾಪಸ್ ಇಡೋದು ಮರೆತೆ. ಆಮೇಲೆ ಬಚ್ಚಿಟ್ಟೆ" ಎಂದಳು. ಅಷ್ಟೇ ಆಯಿತು, ಮೂರು ವಾಕ್ಯ.

"ಕಿಟಕಿ ಮೇಲಿತ್ತು" ಎಂದ ಅವನು. "ನೋಡಿದ್ದೆ."

"ಯಾವಾಗ?"

"ಮಷೀನು ಹಾಕೋಕೆ ಮುಂಚೆನೇ. ಶೆಡ್ಡಿಂದ ಕಾಣಿಸುತ್ತಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಶೆಡ್ಡಿನಿಂದ ಅಡುಗೆಮನೆಯ ಕಿಟಕಿಗೆ ಹತ್ತು ಹೆಜ್ಜೆಯೂ ಇಲ್ಲ. ಅವಳು ಆಗ ಕಿಟಕಿಯ ಹಿಂದೆಯೇ ಇದ್ದಳು, ಪಾತ್ರೆ ಉಜ್ಜುತ್ತ. "ಒಂದು ಮಾತು ಕೂಗಿದ್ರೆ ತಂದ್ಕೊಡ್ತಿದ್ದೆ. ಇಲ್ಲ ನೀವೇ ಬಂದು ತಗೋಬಹುದಿತ್ತು. ಯಾಕ್ರೀ?"

ಅವನು ಕೋಲನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಉಂಗುರವನ್ನು ಸವರುತ್ತಿದ್ದ. ಗೋಡೆಗೆ ಹೇಳುವವನಂತೆ ಹೇಳಿದ. "ವಾಸನೆ ಕೈ ಇಟ್ಕೊಂಡು ಅಡುಗೆಮನೆಗೆ ಯಾಕೆ ಬರ್ಲಿ ಅಂದ್ಕೊಂಡೆ. ಕೂಗೋಕೂ ಮನಸ್ಸು ಬರ್ಲಿಲ್ಲ. ಮೂರು ದಿನ ಆಗಿತ್ತಲ್ಲ, ನಾನೇ ಮೊದಲು ಯಾಕೆ ಮಾತಾಡ್ಲಿ ಅಂತ. ಇಷ್ಟು ವರ್ಷ ಮಾಡಿದ ಕೆಲಸ, ಒಂದು ಸಲ ಕೋಲಿಲ್ಲದೆ ಆಗಲ್ವಾ ಅಂತ. ಹಠ ಅದು. ನಿಂದಲ್ಲ, ನಂದು."

ಮರೆವಿಗೆ ಕ್ಷಮೆ ಇದೆ. ಯಾರಾದರೂ ಮರೆಯುತ್ತಾರೆ. ಒಂದು ವರ್ಷ ಅವಳು ಹೊತ್ತು ತಿರುಗಿದ್ದು ಕೋಲನ್ನು ಮಾತ್ರ, ಈಗ ತಿಳಿಯಿತು, ಅದು ಹಗುರ ಸಾಮಾನು. ಅವನ ಮೂರು ಬೆರಳು ಹೋದದ್ದು ಕೋಲು ಇಲ್ಲದ್ದಕ್ಕಲ್ಲ. ಚಹದ ಲೋಟ ಮೂಸಿದ ಅಕ್ಕನ ಎದುರಿಗೆ ನಗುತ್ತ ಆಡಿದ ಆ ಒಂದು ಮಾತಿಗೆ. ಅವನು ಮರೆತಿರಲಿಲ್ಲ, ಅವಳ ಮರೆವನ್ನು ಮುಚ್ಚಿಟ್ಟದ್ದೂ ಅಲ್ಲ. ಅವಳಿಗೆ ನೋವಾದೀತು ಎಂದು ಆ ಮಾತನ್ನು ಎತ್ತದೆ ಕೋಲಿನ ಕಥೆ ಹೇಳಿಕೊಂಡು ಬಂದಿದ್ದ. ಬೈಯಿರಿ ಎಂದು ಕೇಳಬೇಕೆನಿಸಿತು. ಕೇಳಿದರೂ ಬೈಯುವವನಲ್ಲ. "ನಾನು ಹಾಗೆ ಅನ್ನಬಾರದಿತ್ತು" ಎಂದಳು. "ವಾಸನೆ ಇತ್ತಲ್ಲ, ಇದ್ದಿದ್ದನ್ನ ಹೇಳಿದೆ" ಎಂದ ಅವನು. ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಬಸ್ಸು ಬಂತು, ಖಾಲಿಯಿತ್ತು. ಇಬ್ಬರಿಗೂ ಪಕ್ಕಪಕ್ಕದಲ್ಲಿ ಸೀಟು ಸಿಕ್ಕಿತು. ಅವನು ಕಿಟಕಿಯ ಕಡೆ ಕೂತು ಅಭ್ಯಾಸದಂತೆ ಬಲಗೈಯನ್ನು ಜೇಬಿಗೆ ಹಾಕಿದ. ಬಸ್ಸು ಎರಡು ತಿರುವು ದಾಟಿದ ಮೇಲೆ ಅವಳು ಆ ಜೇಬಿಗೆ ಕೈಹಾಕಿ, ಅವನ ಕೈಯನ್ನು ಹೊರಗೆಳೆದು, ಯಾರು ನೋಡುತ್ತಾರೆ ಎಂಬ ಪರಿವೆಯಿಲ್ಲದೆ ಮೂಗಿನ ಹತ್ತಿರ ತಂದಳು. ಅಂಗೈ ಮೂಸಿದಳು. ಹೆಬ್ಬೆರಳಿನ ಬುಡ, ಮಣಿಕಟ್ಟು, ಮೂರು ಬೆರಳಿದ್ದ ಜಾಗ. ಹದಿನೆಂಟು ವರ್ಷ ಹಾಸಿಗೆಯಲ್ಲಿ, ದಿಂಬಿನಲ್ಲಿ, ತನ್ನ ಕೂದಲಲ್ಲಿ ಇದ್ದ ಕೊಬ್ಬಿನ, ಕಬ್ಬಿಣದ, ತಣ್ಣನೆಯ ಆ ವಾಸನೆ ಎಲ್ಲಾದರೂ ಒಂದು ಗೆರೆಯಲ್ಲಿ ಉಳಿದಿದ್ದೀತು ಎಂದು ಹುಡುಕಿದಳು. ಸೋಪಿನ ವಾಸನೆ ಇತ್ತು. ಮನೆಗೆ ಬಂದ ಯಾವ ನೆಂಟನ ಕೈಯಾದರೂ ಆಗಬಹುದಾಗಿತ್ತು.

"ಇದೆಯಾ?" ಎಂದು ಅವನು ಮೆಲ್ಲಗೆ ಕೇಳಿದ.

"ಏನೂ ಇಲ್ಲ" ಎಂದಳು. ಇನ್ನೊಂದು ಸಲ ಮೂಸಿದಳು. ಒಳ್ಳೆಯ ಸುದ್ದಿ ಕೇಳಿದವನಂತೆ ಅವನು ತಲೆಯಾಡಿಸಿದ. ಕೈಯನ್ನು ಮತ್ತೆ ಜೇಬಿಗೆ ಹಾಕದೆ ಅವಳ ಮಡಿಲಲ್ಲೇ ಬಿಟ್ಟ.